‘ಸ್ವಲ್ಪ ಅರ್ಥ್ ಹೊಡೆಯುತ್ತೆ ಅಷ್ಟೇ’: ನಮ್ಮ ಮನೆ ಬಚ್ಚಲು ರಿಪೇರಿ ಮಾಡಿಸಿದ ಕಥೆ

ಎರಡು ವಾರ ಎಪಿಸೋಡ್ ಬರಲಿಲ್ಲ ಅಂತ ತುಂಬ ಜನ ಮೆಸೇಜ್ ಮಾಡಿದ್ರಿ. ಕ್ಷಮಿಸಿ. ನಾನು ತಿಪಟೂರಲ್ಲಿದ್ದೆ, ನಮ್ಮ ಮನೆಯಲ್ಲಿ. ಬಚ್ಚಲುಮನೆ ಒಡೆಸಿ ಹೊಸದು ಮಾಡಿಸ್ತಾ ಇದ್ವಿ. ಮೈಕ್ ಏನೋ ತಗೊಂಡು ಹೋಗಿದ್ದೆ, ಆದ್ರೆ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಟೈಲ್ಸ್ ಕತ್ತರಿಸೋ ಸದ್ದು. ರಾತ್ರಿ ರೆಕಾರ್ಡ್ ಮಾಡೋಣ ಅಂದ್ರೆ ಮೈಯಲ್ಲೆಲ್ಲ ಸಿಮೆಂಟ್ ಧೂಳು, ಸ್ನಾನ ಮಾಡೋಕೆ ಬಚ್ಚಲೇ ಇಲ್ಲ.

ಸಾಮಾನ್ಯವಾಗಿ ನಾವಿಲ್ಲಿ ದುಡ್ಡಿನ ವಿಷಯ ಮಾತಾಡ್ತೀವಿ. ಸ್ಯಾಲರಿ ಸ್ಲಿಪ್, ಬಾಡಿಗೆ ಅಗ್ರಿಮೆಂಟ್, ಎಸ್‌ಐಪಿ. ಇವತ್ತು ವೈರು, ಗೀಸರ್. ನಾನು ಬಿ.ಕಾಂ. ಓದಿದವಳು, ಕರೆಂಟ್ ಬಗ್ಗೆ ನನಗೆ ಗೊತ್ತಿದ್ದಿದ್ದು ಬಿಲ್ ಕಟ್ಟೋದು ಮಾತ್ರ. ಹಾಗಾಗಿ ಈಗ ಹೇಳೋದೆಲ್ಲ ಎಲೆಕ್ಟ್ರಿಷಿಯನ್ ಅಣ್ಣನ ಪಕ್ಕ ನಿಂತು ಕೇಳಿ ಕಲಿತದ್ದು, ಆಮೇಲೆ ಕೂತು ಓದಿ ಸರಿನಾ ಅಂತ ನೋಡಿಕೊಂಡಿದ್ದು. ಇದನ್ನ ಕೇಳಿ ನೀವೇ ಸ್ಕ್ರೂಡ್ರೈವರ್ ಹಿಡ್ಕೊಂಡು ಸ್ವಿಚ್ ಬೋರ್ಡ್ ಬಿಚ್ಚಬೇಡಿ, ಲೈಸೆನ್ಸ್ ಇರೋರನ್ನ ಕರೀರಿ.

ಮೊದಲು ನಮ್ಮನೆ ಬಚ್ಚಲು ಹೇಗಿತ್ತು ಅಂತ ಹೇಳ್ತೀನಿ. ನಾನು ಚಿಕ್ಕವಳಿದ್ದಾಗ ಅಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ತಿಪಟೂರು ಅಂದ್ಮೇಲೆ ಕೇಳಬೇಕಾ, ತೆಂಗಿನ ಮಟ್ಟೆ, ಸಿಪ್ಪೆ, ಗರಿ, ಏನು ಬೇಕಾದ್ರೂ ಉರಿಯೋಕಿತ್ತು. ಹಂಡೆ ನೀರಿಗೆ ಒಂದು ಹೊಗೆ ವಾಸನೆ ಇರ್ತಿತ್ತು, ಕೆಲವರಿಗೆ ಗೊತ್ತಿರುತ್ತೆ. ನಾನು ಹೈಸ್ಕೂಲಿಗೆ ಬಂದ ಮೇಲೆ ಹೊಗೆ ಯಾಕೆ ಅಂತ ಅಪ್ಪ ಗೀಸರ್ ತಂದ್ರು. ಗೀಸರ್‌ಗೆ ಅಂತ ಬೇರೆ ವೈರ್ ಎಳೆಸಲಿಲ್ಲ. ಬಚ್ಚಲ ಲೈಟಿಗೆ ಬಂದಿದ್ದ ವೈರಿಂದಲೇ ಒಂದು ಜಾಯಿಂಟ್ ಹೊಡೆದು, ದೊಡ್ಡ ಸಾಕೆಟ್ ಕೂರಿಸಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ರು. ಬಿಸಿನೀರು ಬಂತು, ಎಲ್ಲರಿಗೂ ಖುಷಿ.

ಅವತ್ತಿಂದ ನಮ್ಮನೇಲಿ ಒಂದು ರೂಲ್. ಗೀಸರ್ ಆನ್ ಇದ್ದಾಗ ನಲ್ಲಿ ತಿರುಗಿಸೋಕೆ ಮುಂಚೆ ಕಾಲಿಗೆ ಹವಾಯಿ ಚಪ್ಪಲಿ. ಇಲ್ಲಾಂದ್ರೆ ಬೆರಳ ತುದಿಯಲ್ಲಿ ಜುಮ್ ಅನ್ನೋದು. ಮನೆಗೆ ಬಂದ ನೆಂಟರಿಗೆ ಟವೆಲ್ ಕೊಡುವಾಗಲೇ ಅಮ್ಮ ಹೇಳೋರು: “ಚಪ್ಪಲಿ ಹಾಕ್ಕೊಳ್ಳಿ, ಸ್ವಲ್ಪ ಅರ್ಥ್ ಹೊಡೆಯುತ್ತೆ ಅಷ್ಟೇ.”

ಈ ಮಾತನ್ನ ಸ್ವಲ್ಪ ಗಮನಿಸಿ. ನಾವೆಲ್ಲ ಹಾಗೇ ಹೇಳೋದು, ‘ಅರ್ಥ್ ಹೊಡೀತಿದೆ’ ಅಂತ. ಅರ್ಥ್ ಏನೋ ತಪ್ಪು ಮಾಡಿದ ಹಾಗೆ. ನಿಜ ಏನು ಅಂದ್ರೆ, ಅರ್ಥ್ ಇದ್ದಿದ್ರೆ ಹೊಡೀತಾನೇ ಇರಲಿಲ್ಲ. ಇಲ್ಲದೇ ಇರೋರ ಮೇಲೆ ಹದಿನೈದು ವರ್ಷ ಆರೋಪ ಹೊರಿಸಿದ್ವಿ.

ಈಗ ರಿಪೇರಿ ಯಾಕೆ ಬಂತು? ಅಜ್ಜಿಗೋಸ್ಕರ. ಅಜ್ಜಿಗೆ 78. ಹಳೇ ಟೈಲ್ಸ್ ಜಾರೋದು, ಹೋದ ಮಳೆಗಾಲದಲ್ಲಿ ಒಮ್ಮೆ ಜಾರಿ ಮಂಡಿ ಊದಿಸಿಕೊಂಡಿದ್ರು. ಜಾರದ ಟೈಲ್ಸ್ ಹಾಕ್ಸೋಣ, ಹಿಡ್ಕೊಳ್ಳೋಕೆ ಗೋಡೆಗೆ ಸ್ಟೀಲ್ ರಾಡ್ ಕೂರಿಸೋಣ, ವೆಸ್ಟರ್ನ್ ಕಮೋಡ್ ಹಾಕ್ಸೋಣ ಅಂತ ಮಾತಾಯ್ತು. ಜೊತೆಗೆ ಅಮ್ಮಂದೊಂದು ದೂರು: ಎರಡು ತಿಂಗಳಿಂದ ಗೀಸರ್ ನೀರು ಸರಿಯಾಗಿ ಕಾಯ್ತಿಲ್ಲ, ಒಂದೊಂದು ದಿನ ಮುಕ್ಕಾಲು ಗಂಟೆ ಆದ್ರೂ ಉಗುರುಬೆಚ್ಚಗೆ. ಅಪ್ಪ ಅಂದ್ರು, “ಗೀಸರ್‌ಗೆ ವಯಸ್ಸಾಯ್ತು. 3000 ವಾಟಿಂದು ತಂದುಬಿಡೋಣ, ಎರಡು ನಿಮಿಷಕ್ಕೆ ಕಾಯುತ್ತೆ.”

ನಾನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಮಾಡಿದೆ. ಟೈಲ್ಸ್ 58,000. ಕಮೋಡ್, ನಲ್ಲಿ, ಶವರ್ ಎಲ್ಲ ಸೇರಿ 31,000. ಮೇಸ್ತ್ರಿ ಕೂಲಿ 45,000. ವಾಟರ್‌ಪ್ರೂಫಿಂಗ್, ಸಿಮೆಂಟ್, ಮರಳು. ಟೈಲ್ಸ್ ಡಿಸೈನಿಗೆ ಮೂರು ಅಂಗಡಿ ಸುತ್ತಿದೆ, ವಾಟ್ಸಾಪ್ ಫ್ಯಾಮಿಲಿ ಗ್ರೂಪಲ್ಲಿ ಪೋಲ್ ಹಾಕಿದೆ. ವೈರಿಂಗ್ ಅನ್ನೋ ಸಾಲು ಆ ಶೀಟಲ್ಲಿ ಇರಲೇ ಇಲ್ಲ. ಸೊನ್ನೆ ಅಂತಾದ್ರೂ ಬರೆದಿರಲಿಲ್ಲ, ಸಾಲೇ ಇಲ್ಲ. ಲೆಕ್ಕ ಓದಿದವಳ ಕಥೆ ಇದು.

ಎಂಟನೇ ದಿನ. ಎರಡು ಗೋಡೆಗೆ ಟೈಲ್ಸ್ ಹತ್ತಿತ್ತು. ಗೀಸರ್ ಇದ್ದ ಗೋಡೆ ಮಾತ್ರ ಕೊನೆಗೆ ಅಂತ ಬಿಟ್ಟಿದ್ರು, ಯಾಕಂದ್ರೆ ಬೆಳಿಗ್ಗೆ ಅಜ್ಜಿಗೆ ಒಂದು ಬಕೆಟ್ ಬಿಸಿನೀರು ಅಲ್ಲಿಂದಲೇ ಹಿಡೀತಿದ್ವಿ. ಅವತ್ತು ನೀರು ಹಿಡಿದವಳು ನಾನು. ಸ್ವಿಚ್ ಆಫ್ ಮಾಡೋದು ಮರೆತವಳೂ ನಾನೇ. ಮೇಸ್ತ್ರಿ ಜೊತೆ ಒಬ್ಬ ಹುಡುಗ ಬರ್ತಿದ್ದ, ಇಪ್ಪತ್ತು ವರ್ಷ ಇರಬಹುದು. ಒಂದು ಕೈಯಲ್ಲಿ ಒದ್ದೆ ಕರಣೆ, ಬರಿಗಾಲು, ಸ್ಟೂಲ್ ಹತ್ತೋಕೆ ಅಂತ ಇನ್ನೊಂದು ಕೈಯಲ್ಲಿ ಗೀಸರ್ ಕೆಳಗಿನ ಪೈಪ್ ಹಿಡಿದ.

ನಾನು ಅಡುಗೆಮನೆಯಲ್ಲಿದ್ದೆ. ಕರಣೆ ಬಿದ್ದ ಸದ್ದು, ಆಮೇಲೆ ಮೇಸ್ತ್ರಿ ಕೂಗಿದ್ದು. ಹುಡುಗ ಹಿಂದಕ್ಕೆ ಸಿಮೆಂಟ್ ಮೂಟೆ ಮೇಲೆ ಬಿದ್ದಿದ್ದ. ಮೂಟೆ ಇತ್ತು, ಪುಣ್ಯ. ಕೈ ನಡುಗ್ತಾ ಇತ್ತು, ಮಾತು ಬರೋಕೆ ಒಂದು ನಿಮಿಷ ಬೇಕಾಯ್ತು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿದ್ವಿ, ನಾರ್ಮಲ್ ಅಂದ್ರು. ವಾಪಸ್ ಬರ್ತಾ ಕಾರಲ್ಲಿ ಅವನೇ ನನಗೆ ಸಮಾಧಾನ ಹೇಳ್ದ: “ಏನಿಲ್ಲ ಬಿಡಿ ಅಕ್ಕಾ, ಕೆಲಸದಲ್ಲಿ ಇದೆಲ್ಲ ಆಗ್ತಿರುತ್ತೆ.” ಆ ಮಾತು ಕೇಳಿ ಇನ್ನೂ ಸಂಕಟ ಆಯ್ತು. ಅವನ ಜಾಗದಲ್ಲಿ ನಾಳೆ ಬೆಳಿಗ್ಗೆ ಅಜ್ಜಿ, ಸ್ಟೀಲ್ ರಾಡ್ ಹಿಡ್ಕೊಂಡು, ಇನ್ನೊಂದು ಕೈ ನಲ್ಲಿ ಮೇಲೆ. ಬೀಳಬಾರದು ಅಂತ ನಾವೇ ಕೂರಿಸಿದ ರಾಡು.

ಸಂಜೆ ಎಲೆಕ್ಟ್ರಿಷಿಯನ್ ಅಣ್ಣ ಬಂದ್ರು. ಮೇನ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನನ್ನ ಕರೆದು ತೋರಿಸಿದ್ರು.

ಸಾಕೆಟ್‌ಗೆ ಬಂದಿದ್ದು ಎರಡೇ ವೈರು. ಫೇಸ್, ನ್ಯೂಟ್ರಲ್. ಮೂರನೇದು, ಹಸಿರು ವೈರು, ಇಲ್ಲ. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿರೋ ದಪ್ಪ ಪಿನ್ ಇದೆಯಲ್ಲ, ಅದೇ ಅರ್ಥ್. ಆ ದಪ್ಪ ತೂತಿಗೆ ಭೂಮಿಯಿಂದ ವೈರ್ ಬರಬೇಕು. ನಮ್ಮಲ್ಲಿ ಏನು ಮಾಡಿದ್ರು ಅಂದ್ರೆ, ನ್ಯೂಟ್ರಲ್ ಸ್ಕ್ರೂವಿಂದ ಅರ್ಥ್ ಸ್ಕ್ರೂವಿಗೆ ಒಂದು ಗೇಣಿನ ವೈರ್ ತುಂಡು ಸಿಕ್ಕಿಸಿದ್ರು. ಅಂದ್ರೆ ಗೀಸರ್‌ನ ಲೋಹದ ಮೈ ನೇರವಾಗಿ ನ್ಯೂಟ್ರಲ್‌ಗೆ ಸೇರಿದೆ. ಆ ಅಣ್ಣ ಹೇಳಿದ್ರು, ಹಳೇ ಮನೆಗಳಲ್ಲಿ ಇದು ತುಂಬ ಕಡೆ ಇದೆಯಂತೆ, ಕಸ್ಟಮರ್ ‘ಅರ್ಥ್ ಕೊಡಿ’ ಅಂದ್ರೆ ಹೀಗೆ ಕೊಟ್ಟುಬಿಡ್ತಾರಂತೆ.

ಇದ್ರಲ್ಲಿ ಏನು ಅಪಾಯ? ಇದು ನನಗೆ ಎರಡು ಸಲ ಹೇಳಿಸಿಕೊಂಡ ಮೇಲೆ ಅರ್ಥ ಆಯ್ತು, ನಿಧಾನಕ್ಕೆ ಹೇಳ್ತೀನಿ. ಕರೆಂಟು ಫೇಸಲ್ಲಿ ಬರುತ್ತೆ, ಗೀಸರ್ ಒಳಗಿನ ಕಾಯಿಲ್ ಮೂಲಕ ಹಾದು, ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತೆ. ವಾಪಸ್ ಹೋಗೋ ದಾರಿ ಚೆನ್ನಾಗಿರೋವರೆಗೂ ಏನೂ ಗೊತ್ತಾಗಲ್ಲ. ಆ ನ್ಯೂಟ್ರಲ್ ಎಲ್ಲಾದ್ರೂ ತುಂಡಾಯ್ತು ಅಂತಿಟ್ಕೊಳ್ಳಿ. ಕಾಯಿಲ್ ದಾಟಿ ಬಂದ ಕರೆಂಟಿಗೆ ಈಗ ದಾರಿ ಇಲ್ಲ. ಆದ್ರೆ ನಾವೇ ಸಿಕ್ಕಿಸಿದ ತುಂಡು ವೈರ್ ಇದೆಯಲ್ಲ, ಅದರ ಮೂಲಕ ಗೀಸರ್ ಮೈಗೆ, ಅಲ್ಲಿಂದ ಕಬ್ಬಿಣದ ಪೈಪಿಗೆ, ಪೈಪಿಂದ ನಲ್ಲಿಗೆ ಬಂದು ಕಾಯ್ತಾ ಕೂತಿರುತ್ತೆ. 230 ವೋಲ್ಟು. ಯಾರಾದ್ರೂ ಒದ್ದೆ ನೆಲದ ಮೇಲೆ ನಿಂತು ಮುಟ್ಟಿದ್ರೆ ಅವರೇ ದಾರಿ.

ನಮ್ಮ ಮನೆಯಲ್ಲಿ ನ್ಯೂಟ್ರಲ್ ಇನ್ನೂ ಪೂರ್ತಿ ತುಂಡಾಗಿರಲಿಲ್ಲ. ಆದ್ರೆ ಗೋಡೆ ಒಳಗೆ, ಲೈಟಿನ ವೈರಿಗೆ ಹೊಡೆದಿದ್ದ ಆ ಹಳೇ ಜಾಯಿಂಟ್ ಬಿಚ್ಚಿ ನೋಡಿದ್ರೆ ಕಪ್ಪಗೆ ಇದ್ದಿಲಾಗಿತ್ತು. ಇನ್ಸುಲೇಷನ್ ಟೇಪ್ ಕರಗಿ ಅಂಟಾಗಿತ್ತು. ಎರಡು ಎಳೆ ತಾಮ್ರದಲ್ಲಿ ಹಿಡ್ಕೊಂಡಿತ್ತು ಅಷ್ಟೇ. ವೈರು ಒಂದು ಎಂಎಂದು, ಅಂದ್ರೆ ಲೈಟು, ಫ್ಯಾನಿಗೆ ಹಾಕೋ ಸಣ್ಣ ವೈರು. ಗೀಸರ್ 2000 ವಾಟ್. 2000ನ 230ರಿಂದ ಭಾಗಿಸಿ, ಸುಮಾರು 8.7 ಆಂಪಿಯರ್. ದಿನಾ ಬೆಳಿಗ್ಗೆ ಅಷ್ಟು ಕರೆಂಟು ಆ ಕೈಯಲ್ಲಿ ತಿರುಚಿದ ಜಾಯಿಂಟ್ ದಾಟಿ ಹೋಗಬೇಕಿತ್ತು. ಬಿಸಿಯಾಗಿ, ಸಡಿಲಾಗಿ, ಇನ್ನೂ ಬಿಸಿಯಾಗಿ.

ಆಗ ಎಲ್ಲ ಕೂಡಿ ಬಂತು ನೋಡಿ. ನೀರು ಯಾಕೆ ಸರಿಯಾಗಿ ಕಾಯ್ತಿರಲಿಲ್ಲ? ಕರೆಂಟು ಜಾಯಿಂಟಲ್ಲೇ ಸೋತು, ಆಗಾಗ ಕಡಿದು ಕಡಿದು ಹೋಗ್ತಿತ್ತು. ನಲ್ಲಿಯಲ್ಲಿ ಜುಮ್ ಅನ್ನೋದು ಈಚೆಗೆ ಯಾಕೆ ಜಾಸ್ತಿ ಆಗಿತ್ತು? ಜಾಯಿಂಟ್ ಕೆಟ್ಟಷ್ಟೂ ವೋಲ್ಟೇಜು ಗೀಸರ್ ಮೈ ಮೇಲೆ ಉಳೀತಿತ್ತು. ಅಮ್ಮನ ದೂರು, ಅಜ್ಜಿಯ ಚಪ್ಪಲಿ, ಆ ಹುಡುಗ ಬಿದ್ದಿದ್ದು, ಮೂರಕ್ಕೂ ಮೂಲ ಒಂದೇ. ಅಪ್ಪನ ಐಡಿಯಾ ಪ್ರಕಾರ 3000 ವಾಟಿಂದು ತಂದಿದ್ರೆ ಅದೇ ವೈರಲ್ಲಿ 13 ಆಂಪಿಯರ್ ಹೋಗ್ತಿತ್ತು. ನೀರು ಕಾಯ್ತಿಲ್ಲ ಅಂತ ದೊಡ್ಡ ಗೀಸರ್ ತರೋಕೆ ಮುಂಚೆ ವೈರ್ ತೋರಿಸಿ. ಇದೊಂದನ್ನ ದಯವಿಟ್ಟು ನಿಮ್ಮ ಅಪ್ಪ ಅಮ್ಮಂಗೆ ಫಾರ್ವರ್ಡ್ ಮಾಡಿ.

ನಾನು ಕೇಳಿದೆ, “ಅಣ್ಣ, ಎಂಸಿಬಿ ಇದೆಯಲ್ಲ, ಅದ್ಯಾಕೆ ಬೀಳಲಿಲ್ಲ?” ಅವರು ನಕ್ಕರು. ಎಂಸಿಬಿ ಇರೋದು ವೈರ್ ಉಳಿಸೋಕೆ, ಮನುಷ್ಯರನ್ನಲ್ಲ. 16 ಆಂಪಿಯರ್ ಎಂಸಿಬಿ ಅಂದ್ರೆ 16,000 ಮಿಲಿ ಆಂಪಿಯರ್‌ವರೆಗೂ ಅದು ಸುಮ್ನಿರುತ್ತೆ. ಮನುಷ್ಯನ ಎದೆಗೆ 30 ಮಿಲಿ ಆಂಪಿಯರ್ ಮೇಲೆ ಹೋಗೋಕೆ ಶುರುವಾದ್ರೇನೇ ಅಪಾಯ. 30 ಮಿಲಿ ಆಂಪಿಯರ್ ಎಷ್ಟು ಗೊತ್ತಾ? ಏಳು ವಾಟಿನ ಒಂದು ಸಣ್ಣ ಬಲ್ಬ್ ಎಳೆಯೋಷ್ಟು. ಬೆಡ್‌ರೂಮಿನ ನೈಟ್ ಲ್ಯಾಂಪ್ ಉರಿದ್ರೆ ಎಂಸಿಬಿ ಬೀಳುತ್ತಾ? ಇಲ್ಲ. ಹಾಗೇ ನಿಮಗೆ ಶಾಕ್ ಹೊಡೀತಿದ್ರೂ ಬೀಳಲ್ಲ.

ಮನುಷ್ಯರನ್ನ ಉಳಿಸೋಕೆ ಇರೋದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅಂತ ಕರೀತಾರೆ. ಇದನ್ನ ಕಾಮರ್ಸ್ ಓದಿದವರಿಗೆ ಒಂದೇ ಸಾಲಲ್ಲಿ ಹೇಳಬಹುದು: ಅದು ಟ್ಯಾಲಿ ಮಾಡುತ್ತೆ. ಫೇಸಲ್ಲಿ ಎಷ್ಟು ಹೋಯ್ತು, ನ್ಯೂಟ್ರಲಲ್ಲಿ ಎಷ್ಟು ವಾಪಸ್ ಬಂತು, ಪ್ರತಿ ಕ್ಷಣ ಲೆಕ್ಕ ನೋಡ್ತಿರುತ್ತೆ. ಹೋಗಿದ್ದು ಬಂದಿದ್ದು ಸರಿ ಇದ್ರೆ ಸುಮ್ನೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದ್ರೆ, ಅಂದ್ರೆ ಕರೆಂಟು ಇನ್ನೆಲ್ಲೋ ಸೋರಿ ಹೋಗ್ತಿದೆ, ಬಹುಶಃ ಯಾರದೋ ಮೈ ಮೂಲಕ ಅಂತ, ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಕೈಯಲ್ಲಿ ಹಿಡಿದ್ರೆ ಮಾತ್ರ ಅದಕ್ಕೂ ಗೊತ್ತಾಗಲ್ಲ, ಲೆಕ್ಕ ಸರಿಯಾಗೇ ಕಾಣುತ್ತೆ. ಅಂಗಡಿಯಲ್ಲಿ ಕೇಳುವಾಗ ‘30 ಎಂಎ’ ಅಂತಲೇ ಕೇಳಿ. 100, 300ರದ್ದೂ ಸಿಗುತ್ತೆ, ಅವು ಬೇರೆ ಕೆಲಸಕ್ಕೆ.

ಸರಿ, ಈಗ ಜಗಳದ ಭಾಗ. ಹೊಸ ವೈರ್ ಎಳೀಬೇಕು ಅಂದ್ರೆ ಡಿಬಿ ಬಾಕ್ಸಿಂದ ಬಚ್ಚಲವರೆಗೆ ಹೊಸ ಪೈಪ್ ಹೋಗಬೇಕು. ಆ ಪೈಪ್ ಹೋಗಬೇಕಾದ ಗೋಡೆಗೆ ಮೂರು ದಿನದ ಹಿಂದೆ ಟೈಲ್ಸ್ ಅಂಟಿಸಿ ಆಗಿದೆ. ಏಳು ಟೈಲ್ಸ್ ಒಡೀಬೇಕು. ಮೇಸ್ತ್ರಿಗೆ ಬೇಜಾರು, ಅಪ್ಪಂಗೆ ಸಿಟ್ಟು. “ಮೇಲಿಂದ ಕೇಸಿಂಗ್ ಪಟ್ಟಿ ಹೊಡೆದು ತಗೊಂಡು ಹೋಗೋಕಾಗಲ್ವಾ? ಇಷ್ಟು ವರ್ಷ ಏನೂ ಆಗಿಲ್ಲ, ಈಗೇನು?” ಅಂದ್ರು. ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನೋ ವಾದಕ್ಕೆ ನನ್ನತ್ರ ಉತ್ತರ ಇರಲಿಲ್ಲ. ಸುಟ್ಟುಹೋಗಿದ್ದ ಆ ಜಾಯಿಂಟ್ ತಂದು ಊಟದ ಟೇಬಲ್ ಮೇಲೆ ಇಟ್ಟೆ. ಅಪ್ಪ ಅದನ್ನ ಕೈಯಲ್ಲಿ ತಿರುಗಿಸಿ ನೋಡ್ತಾ ಕೂತರು. ಬೆಳಿಗ್ಗೆ ಎದ್ದು ಮೇಸ್ತ್ರಿಗೆ ಅವರೇ ಹೇಳಿದ್ರು, ಒಡೀರಿ ಅಂತ.

ಇದರಿಂದ ನೀವು ತಿಳ್ಕೋಬೇಕಾದ ಪ್ರಾಕ್ಟಿಕಲ್ ವಿಷಯ: ಹಳೇ ಟೈಲ್ಸ್ ಕಿತ್ತ ದಿನ, ಗೋಡೆ ಬೋಳಾಗಿ ನಿಂತಿರುತ್ತಲ್ಲ, ಅವತ್ತೇ ಎಲೆಕ್ಟ್ರಿಷಿಯನ್ ಬರಬೇಕು. ಪ್ಲಂಬರ್ ಪೈಪು, ಕರೆಂಟ್ ಪೈಪು, ಆಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ಟೈಲ್ಸ್. ಟೈಲ್ಸ್ ಹತ್ತೋಕೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು, ಅಳತೆ ಕಾಣೋ ಹಾಗೆ ಫೋಟೋ ತೆಗೆದು ಇಟ್ಕೊಳ್ಳಿ. ನಾಳೆ ಶೆಲ್ಫ್ ಕೂರಿಸೋಕೆ ಡ್ರಿಲ್ ಮಾಡುವಾಗ ಒಳಗೆ ಎಲ್ಲಿ ವೈರಿದೆ ಅಂತ ಆ ಫೋಟೋನೇ ಹೇಳೋದು.

ನಮ್ಮಲ್ಲಿ ಮಾಡಿಸಿದ್ದು ಇದು. ಗೀಸರ್‌ಗೆ ಮಾತ್ರ ಅಂತ ಡಿಬಿಯಿಂದ ನೇರ ಎರಡೂವರೆ ಎಂಎಂ ತಾಮ್ರದ ವೈರು, ಫೇಸು, ನ್ಯೂಟ್ರಲು, ಹಸಿರು ಅರ್ಥ್, ಮೂರೂ, ಮಧ್ಯದಲ್ಲಿ ಒಂದೂ ಜಾಯಿಂಟ್ ಇಲ್ಲದೆ. 3000 ವಾಟಿಂದಾದ್ರೆ ಅಥವಾ ದೂರ ಜಾಸ್ತಿ ಇದ್ರೆ ನಾಲ್ಕು ಎಂಎಂ ಹಾಕ್ತಾರೆ. ಬಚ್ಚಲ ಹೊರಗೆ, ಬಾಗಿಲ ಪಕ್ಕ, ಡಿಪಿ ಸ್ವಿಚ್. ಮಾಮೂಲಿ ಸ್ವಿಚ್ ಫೇಸ್ ಮಾತ್ರ ಕಟ್ ಮಾಡುತ್ತೆ, ಡಿಪಿ ಎರಡನ್ನೂ ಕಟ್ ಮಾಡುತ್ತೆ. ಒದ್ದೆ ಕೈ ಹೋಗದ ಜಾಗದಲ್ಲಿ ಇರಬೇಕು ಅನ್ನೋದು ಮುಖ್ಯ.

ಅರ್ಥ್ ಗುಂಡಿ ಹಿತ್ತಲಲ್ಲಿ, ತೆಂಗಿನ ಮರದ ಹತ್ತಿರ, ಅಲ್ಲಿ ಮಣ್ಣು ಯಾವಾಗ್ಲೂ ತೇವ ಇರುತ್ತೆ. ಎಂಟು ಅಡಿ ಮೇಲೆ ತೋಡಿ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದ್ರು. ಅಜ್ಜಿ ಬಂದು ನೋಡಿ, “ಯಾರಿಗವ್ವಾ ಇದು ಉಪ್ಪು ಹಾಕಿ ಹೂಳ್ತಿರೋದು?” ಅಂದ್ರು. ಎಲ್ಲ ಆದ ಮೇಲೆ ಮೀಟರ್ ಇಟ್ಟು ಅಳೆದ್ರು, 3.8 ಓಮ್ ಬಂತು. ಐದಕ್ಕಿಂತ ಕಡಿಮೆ ಬಂದ್ರೆ ಒಳ್ಳೇದು ಅಂದ್ರು. ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು ಹಾಕಿ ಅಂತಾನೂ ಹೇಳಿ ಹೋದ್ರು, ಮಣ್ಣು ಒಣಗಿದ್ರೆ ಕರೆಂಟು ಸಲೀಸಾಗಿ ಇಳಿಯಲ್ವಂತೆ.

ಒಟ್ಟು ಎಲೆಕ್ಟ್ರಿಕಲ್ ಖರ್ಚು, ಗುಂಡಿ, ವೈರು, ಆರ್‌ಸಿಸಿಬಿ, ಕೂಲಿ ಸೇರಿ 23,500 ರೂಪಾಯಿ. ಒಡೆದ ಏಳು ಟೈಲ್ಸ್, ಒಂದು ದಿನದ ಕೂಲಿ, 3,200. ಮೊದಲೇ ಕರೆಸಿದ್ರೆ ಈ 3,200 ಉಳೀತಿತ್ತು. ಆ ಹುಡುಗನಿಗೆ ಒಂದು ವಾರ ರಜೆ ಕೊಟ್ಟು ಕೂಲಿ ಕೊಟ್ವಿ. ಅದನ್ನ ಎಕ್ಸೆಲ್‌ನಲ್ಲಿ ಯಾವ ಹೆಡ್ ಕೆಳಗೆ ಹಾಕಬೇಕು ಅಂತ ಗೊತ್ತಾಗದೆ ಹಾಗೇ ಬಿಟ್ಟಿದ್ದೀನಿ.

ಮುಗೀತು ಅಂದ್ಕೊಂಡ್ರಾ? ನಾನೂ ಅಂದ್ಕೊಂಡಿದ್ದೆ. ಹಳೇ ಗೀಸರ್ ಚೆನ್ನಾಗೇ ಇದೆ, ವೈರಿಂಗ್ ತಾನೇ ತಪ್ಪಿದ್ದು ಅಂತ ಅದನ್ನೇ ವಾಪಸ್ ಕೂರಿಸಿದ್ವಿ, ದುಡ್ಡು ಉಳಿಸೋಣ ಅಂತ. ಆನ್ ಮಾಡಿ ಹತ್ತು ನಿಮಿಷ. ಟಕ್. ಇಡೀ ಮನೆ ಕತ್ತಲೆ. ಎತ್ತಿದ್ವಿ, ಮತ್ತೆ ಹತ್ತು ನಿಮಿಷಕ್ಕೆ ಟಕ್. ಮೂರನೇ ಸಲ ಅಮ್ಮನ ಸೀರಿಯಲ್ ಅರ್ಧಕ್ಕೆ ನಿಂತಾಗ ಅಪ್ಪ, “ಈ ಡಬ್ಬ ತೆಗೆಸಿ ಹಾಕು ಮೊದಲು, ದುಡ್ಡು ಕೊಟ್ಟು ಕತ್ತಲೆ ತಂದಂಗಾಯ್ತು” ಅಂತ ಎದ್ದೇಬಿಟ್ರು.

ತುಂಬ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ. ಆರ್‌ಸಿಸಿಬಿ ‘ಸುಮ್ ಸುಮ್ನೆ’ ಬೀಳುತ್ತೆ ಅಂತ ಬೈಪಾಸ್ ಮಾಡಿಸಿಬಿಡ್ತಾರೆ. ಎಲೆಕ್ಟ್ರಿಷಿಯನ್ ಅಣ್ಣ ಫೋನಲ್ಲೇ ಹೇಳಿದ್ರು: ಎಲ್ಲ ಎಂಸಿಬಿ ಕೆಳಗೆ ಮಾಡಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ ಎತ್ತಿ ಕಾದು ನೋಡಿ. ಮಾಡಿದ್ವಿ. ಲೈಟು ಓಕೆ, ಫ್ರಿಡ್ಜ್ ಓಕೆ, ವಾಷಿಂಗ್ ಮೆಷಿನ್ ಓಕೆ. ಗೀಸರ್ ಎತ್ತಿ ಕಾದ್ರೆ, ಟಕ್.

ಮಾರನೇ ದಿನ ಗೀಸರ್ ಬಿಚ್ಚಿದ್ರು. ನಮ್ಮದು ಬೋರ್‌ವೆಲ್ ನೀರು, ಗಡಸು. ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಅದೇ ಕಾಯಿಲ್ ಮೇಲೆ ತೆಂಗಿನ ಚಿಪ್ಪಿನಷ್ಟು ದಪ್ಪ ಕೂತಿತ್ತು. ಆ ಪದರದೊಳಗೆ ಕಾಯಿಲ್ ತಾನೇ ಬೆಂದು, ಮೇಲಿನ ಲೋಹದ ಕೊಳವೆ ಬಿರುಕು ಬಿಟ್ಟಿತ್ತು. ಬಿರುಕಿಂದ ನೀರು ಒಳಗೆ, ಕರೆಂಟು ಹೊರಗೆ. ಇಷ್ಟು ದಿನ ಆ ಸೋರಿಕೆ ತುಂಡು ವೈರ್ ಮೂಲಕ ನ್ಯೂಟ್ರಲ್‌ಗೇ ಹೋಗ್ತಿತ್ತು, ಲೆಕ್ಕಕ್ಕೆ ಸಿಗ್ತಿರಲಿಲ್ಲ. ಈಗ ನಿಜವಾದ ಅರ್ಥ್ ಇದೆ, ಲೆಕ್ಕ ನೋಡೋರೂ ಇದ್ದಾರೆ, ಸಿಕ್ಕಿಬಿತ್ತು. ಡಬ್ಬದ್ದೇನೂ ತಪ್ಪಿರಲಿಲ್ಲ. ಯಾರೂ ಮುಟ್ಟೋಕೆ ಮುಂಚೆಯೇ ಅದು ಹೇಳ್ತಿತ್ತು.

ಹೊಸ ಗೀಸರ್ ತಂದ್ವಿ, 15 ಲೀಟರ್, 2000 ವಾಟ್. ಅಪ್ಪಂಗೆ 25 ಲೀಟರ್ ಬೇಕಿತ್ತು. ಇಲ್ಲಿ ನನ್ನ ಲೆಕ್ಕ ಕೆಲಸಕ್ಕೆ ಬಂತು. 15 ಲೀಟರ್ ನೀರನ್ನ 22 ಡಿಗ್ರಿಯಿಂದ 60ಕ್ಕೆ ತರೋಕೆ ಸುಮಾರು 0.66 ಯೂನಿಟ್, 20 ನಿಮಿಷ. 25 ಲೀಟರ್‌ಗೆ 1.1 ಯೂನಿಟ್, 33 ನಿಮಿಷ. ಅಜ್ಜಿಯೊಬ್ಬರೇ ಒಂದು ಬಕೆಟ್ ಸ್ನಾನಕ್ಕೆ 25 ಲೀಟರ್ ಯಾಕೆ ಕಾಯಿಸಬೇಕು? ಮನೆಗೆ ಗೃಹಜ್ಯೋತಿ ಇದೆ, 200 ಯೂನಿಟ್ ದಾಟಿದ್ರೆ ಇಡೀ ಬಿಲ್ ನಮ್ಮ ತಲೆ ಮೇಲೆ. ಅಪ್ಪ ಒಪ್ಪಿದ್ರು. ಗಡಸು ನೀರಿಗೆ ಇನ್ನೊಂದು ಮಾತು ಕಲಿತೆ: ಥರ್ಮೋಸ್ಟ್ಯಾಟ್ ಫುಲ್ ಇಡಬೇಡಿ, ನೀರು ಬಿಸಿಯಾದಷ್ಟೂ ಆ ಬಿಳಿ ಪದರ ಬೇಗ ಕಟ್ಟುತ್ತೆ. ಒಳಗೆ ಮೆಗ್ನೀಷಿಯಂ ಆನೋಡ್ ರಾಡ್ ಅಂತ ಇರುತ್ತೆ, ಟ್ಯಾಂಕ್ ಬದಲು ತಾನು ಸವೆಯೋಕೆ ಅಂತಲೇ ಇಟ್ಟಿರೋದು. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಗೀಸರ್ ಕೆಳಗಿನ ವಾಲ್ವ್‌ನಿಂದ ಹನಿ ಬೀಳುತ್ತೆ ಅಂತ ಅದಕ್ಕೆ ಟೇಪ್ ಸುತ್ತಬೇಡಿ, ಒಳಗಿನ ಒತ್ತಡ ಹೊರಗೆ ಹೋಗೋ ದಾರಿ ಅದು.

ಬೆಂಗಳೂರಲ್ಲಿರೋ ನನ್ನ ಕಸಿನ್ ಒಬ್ಬ, ಕರೆಂಟ್ ರಗಳೆನೇ ಬೇಡ, ಗ್ಯಾಸ್ ಗೀಸರ್ ಹಾಕ್ಸು ಅಂದ. ಬಚ್ಚಲ ಒಳಗೆ ಮಾತ್ರ ಬೇಡವೇ ಬೇಡ. ಗಾಳಿ ಆಡದ ಕಡೆ ಅದು ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತು ಬಂದು ಕೂತವರು ಏಳಲ್ಲ. ಚಳಿಗಾಲದಲ್ಲಿ ಇಂಥ ಸುದ್ದಿ ಓದ್ತಾನೇ ಇರ್ತೀವಿ. ಹಾಕ್ಸೋದೇ ಆದ್ರೆ ಗೀಸರ್ ಹೊರಗೆ, ಬಿಸಿನೀರಿನ ಪೈಪ್ ಮಾತ್ರ ಒಳಗೆ. ಸೋಲಾರ್ ಒಳ್ಳೇದೇ, ಆದ್ರೆ ಮೋಡದ ದಿನಕ್ಕೆ ಅಂತ ಅದರೊಳಗೂ ಒಂದು ಕರೆಂಟ್ ಕಾಯಿಲ್ ಇರುತ್ತೆ, ಅದಕ್ಕೂ ಅರ್ಥಿಂಗ್ ಬೇಕು.

ಈಗ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಬಾಡಿಗೆ ಮನೆ, ಪಿಜಿಯಲ್ಲಿರೋರು. ‘ನಮ್ಮನೆ ಗೋಡೆ ಒಡೆಯೋಕಾಗಲ್ಲ, ನಾವೇನು ಮಾಡೋಣ’ ಅಂತ ಕೇಳ್ತೀರಾ ಗೊತ್ತು. ಆನ್‌ಲೈನಲ್ಲಿ ಮೂರು ಲೈಟಿನ ಸಾಕೆಟ್ ಟೆಸ್ಟರ್ ಸಿಗುತ್ತೆ. ನಾನೂ ತರಿಸಿ, ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಚುಚ್ಚಿದೆ, ‘ಸರಿ ಇದೆ’ ಅಂತು. ಖುಷಿಯಾಗಿ ಆ ಅಣ್ಣಂಗೆ ಫೋಟೋ ಕಳಿಸಿದ್ರೆ, ವಾಯ್ಸ್ ನೋಟ್ ಬಂತು: “ಮೇಡಂ, ನಿಮ್ಮ ಊರಿನ ಹಳೇ ಸಾಕೆಟ್‌ಗೆ ಚುಚ್ಚಿದ್ರೂ ಅದು ಸರಿ ಇದೆ ಅಂತಲೇ ಹೇಳ್ತಿತ್ತು.” ನಿಜ. ಅರ್ಥ್ ಇಲ್ಲವೇ ಇಲ್ಲ ಅಂದ್ರೆ ಟೆಸ್ಟರ್ ಹೇಳುತ್ತೆ. ಆದ್ರೆ ನ್ಯೂಟ್ರಲಿಂದ ತುಂಡು ವೈರ್ ಸಿಕ್ಕಿಸಿದ್ರೆ ಅದಕ್ಕೆ ಅದೂ ಅರ್ಥ್ ಥರಾನೇ ಕಾಣುತ್ತೆ. ಮೇನ್ ಆಫ್ ಮಾಡಿ, ಸಾಕೆಟ್ ಬಿಚ್ಚಿ, ಹಸಿರು ವೈರ್ ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿರೋರು ನೋಡಿದ್ರೇನೇ ಗೊತ್ತಾಗೋದು.

ಅಲ್ಲಿವರೆಗೆ ಒಂದು ಕೆಲಸ ನೀವೇ ಮಾಡಬಹುದು. ಡಿಬಿ ಬಾಕ್ಸ್ ಮುಚ್ಚಳ ತೆಗೆದು ನೋಡಿ. ಸಣ್ಣ ಬಟನ್, ಪಕ್ಕದಲ್ಲಿ ಇಂಗ್ಲಿಷಿನ ‘ಟಿ’ ಅಥವಾ ‘ಟೆಸ್ಟ್’ ಅಂತ ಬರೆದಿರೋ ದಪ್ಪನೆಯ ಸ್ವಿಚ್ ಇದ್ರೆ ಅದೇ ಆರ್‌ಸಿಸಿಬಿ. ತಿಂಗಳಿಗೊಮ್ಮೆ ಆ ಬಟನ್ ಒತ್ತಿ, ಟಕ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಅದು ಬರೀ ಅಲಂಕಾರ. ಅದು ಇಲ್ಲವೇ ಇಲ್ಲ ಅಂದ್ರೆ ಓನರ್‌ಗೆ ಕೇಳಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತೆ, ಆದ್ರೆ ನೀವು ಮುಟ್ಟಿದ ಮೇಲೆ ಬೀಳುತ್ತೆ. ಅರ್ಥಿಂಗ್ ಇದ್ರೆ ಮುಟ್ಟೋಕೆ ಮುಂಚೆ. ಓನರ್ ಕೊಡಲ್ಲ ಅಂದ್ರೆ, ಗೀಸರ್ ಆಫ್ ಮಾಡಿ ಆಮೇಲೆ ಸ್ನಾನಕ್ಕೆ ಹೋಗಿ. ಪಿಜಿಯಲ್ಲಿ ಬಕೆಟ್‌ಗೆ ಕಾಯಿಲ್ ಹಾಕೋರು, ಪ್ಲಗ್ ಕಿತ್ತು ಆಮೇಲೆ ನೀರಿಗೆ ಬೆರಳು. ಬಿಸಿ ಆಯ್ತಾ ಅಂತ ಮೊದಲು ಬೆರಳಿಡೋ ಅಭ್ಯಾಸ ನನಗೂ ಇತ್ತು.

ಬಚ್ಚಲು ಹಬ್ಬಕ್ಕೆ ಮುಂಚೆ ಮುಗೀತು. ನೀರು ತುಂಬೋ ಹಬ್ಬದ ಸಂಜೆ ಅಜ್ಜಿ ಹಿತ್ತಲಲ್ಲಿಟ್ಟಿದ್ದ ಹಳೇ ತಾಮ್ರದ ಹಂಡೆ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಪೂಜೆ ಮಾಡಿ ನೀರು ತುಂಬಿಸಿದ್ರು. ಆಮೇಲೆ ಒಳಗೆ ಬಂದು ಹೊಸ ಗೀಸರ್‌ಗೂ ಅರಿಶಿನ ಕುಂಕುಮ ಇಟ್ರು. ಬೆಳಿಗ್ಗೆ ಎಣ್ಣೆಸ್ನಾನಕ್ಕೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಸ್ವಿಚ್ ಆಫ್ ಮಾಡಿದ್ದೀನಿ, ಎಲ್ಲ ಸರಿ ಹೋಗಿದೆ, ಈಗ ಹೊಡೆಯಲ್ಲ ಅಜ್ಜಿ ಅಂದೆ. “ಹೂಂ ಕಣವ್ವ” ಅಂದ್ರು. ಕಾಲಲ್ಲಿ ಹವಾಯಿ ಚಪ್ಪಲಿ ಹಾಗೇ ಇತ್ತು. ನಲ್ಲಿಯನ್ನ ಮೊದಲು ಬೆರಳ ಹಿಂಬದಿಯಿಂದ ಒಂದು ಸಲ ಮುಟ್ಟಿ ನೋಡಿ, ಆಮೇಲೆ ತಿರುಗಿಸಿದ್ರು.

ನಿಮ್ಮ ಮನೆಯ ಆರ್‌ಸಿಸಿಬಿ ಬಟನ್ ಒತ್ತಿ ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೆಲವನ್ನ ಇಲ್ಲಿ ಕೇಳಿಸ್ತೀನಿ. ಬಟನ್ ಒತ್ತೋಕೆ ಮುಂಚೆ ಮನೆಯಲ್ಲಿ ಯಾರಾದ್ರೂ ಕಂಪ್ಯೂಟರಲ್ಲಿ ಕೆಲಸ ಮಾಡ್ತಿದ್ರೆ ಒಂದು ಮಾತು ಹೇಳಿ, ನಾನು ಹೇಳದೆ ಒತ್ತಿ ಬೈಸಿಕೊಂಡಿದ್ದೀನಿ. ಸಿಗೋಣ.